ಸೋಪು ತಾಗಿ ಅರಿಶಿನ ಕೆಂಪಾದರೆ ಅದು ಕಲಬೆರಕೆಯೇ?

ಸಾರಿನ ಕಲೆಯಾದ ಬಿಳಿ ಯೂನಿಫಾರ್ಮ್‌ಗೆ ಸೋಪು ಹಚ್ಚಿದರೆ ಕಲೆ ಕೆಂಪಾಗುತ್ತದೆ. ವಿಜಯನಗರವಿರಲಿ, ಕೆಂಗೇರಿಯಿರಲಿ, ಮಕ್ಕಳಿರುವ ಮನೆಯಲ್ಲಿ ಇದನ್ನು ನೋಡದವರು ಕಡಿಮೆ. ಅರಿಶಿನಕ್ಕೆ ಬಣ್ಣ ಬೆರೆಸಿದ್ದಾರೆ ಎಂದು ಹೆದರಬೇಡಿ, ಶುದ್ಧ ಅರಿಶಿನವೂ ಹೀಗೇ ಕೆಂಪಾಗುತ್ತದೆ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್. ಕ್ಷಾರ ತಾಗಿದರೆ ಇದು ಕೆಂಪಾಗುತ್ತದೆ, ಆಮ್ಲ ತಾಗಿದರೆ ಮತ್ತೆ ಹಳದಿ. ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರಿನ ಗುಟ್ಟೂ ಇದೇ: ಅರಿಶಿನಕ್ಕೆ ಸುಣ್ಣ.

ಮಕ್ಕಳ ಜೊತೆ ಮಾಡಿ ನೋಡಿ. ಅರ್ಧ ಚಮಚ ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಿನಲ್ಲಿ ಇಯರ್‌ಬಡ್ ಅದ್ದಿ ಮಗು ತನ್ನ ಹೆಸರು ಬರೆಯಲಿ. ಅಕ್ಷರ ಕೆಂಪಾಗಿ ಮೂಡುತ್ತದೆ. ಅದರ ಮೇಲೆ ನಿಂಬೆರಸದ ಹನಿ ಬಿಟ್ಟರೆ ಹಳದಿ ವಾಪಸ್! (ಪಾತ್ರೆ ತೊಳೆಯುವ ಕೆಲವು ಲಿಕ್ವಿಡ್‌ಗಳಲ್ಲಿ ಕ್ಷಾರ ಕಡಿಮೆ, ಬಣ್ಣ ಬದಲಾಗದಿರಬಹುದು.)

ಹಾಗಂತ ಕೆಂಪಾಯಿತು, ಆದ್ದರಿಂದ ಶುದ್ಧ ಎಂದೂ ಫಾರ್ವರ್ಡ್ ಮಾಡಬೇಡಿ. ಕಲಬೆರಕೆ ಪುಡಿಯಲ್ಲೂ ಅರಿಶಿನ ಇದ್ದೇ ಇರುತ್ತದಲ್ಲ! ಹಳದಿ ಬಣ್ಣಕ್ಕೆ ಬೆರೆಸುವ, ವಿಷಕಾರಿಯಾದ ಸೀಸದ ಕ್ರೋಮೇಟ್ ಇದೆಯೇ ಎಂಬುದು ಲ್ಯಾಬ್ ಪರೀಕ್ಷೆಯಿಂದಲೇ ಖಚಿತವಾಗಬೇಕು.

ಸೋಪಿನ ಬದಲು ಎಲೆಅಡಿಕೆಯ ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಪ್ಯಾಕೆಟ್ ಒತ್ತಿದಾಗ ಚಿಮ್ಮಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದರೆ ಉಜ್ಜದೆ, ಅಲ್ಲೇ ನಲ್ಲಿಯ ಕೆಳಗೆ ರೆಪ್ಪೆ ಬಿಡಿಸಿ 20 ನಿಮಿಷ ತೊಳೆಯಿರಿ. ನಂತರ ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಿ. ರಾಜಾಜಿನಗರದಲ್ಲಿ ನಾರಾಯಣ ನೇತ್ರಾಲಯ, ಕೆ.ಆರ್. ಮಾರ್ಕೆಟ್ ಬಳಿ ಸರ್ಕಾರಿ ಮಿಂಟೊ ಇವೆ.