ಯಾರು ಬರೆದರು, ಏನು ಹೇಳಿದರು: ಕನ್ನಡ ಕಥನದ ಅಳತೆಗೋಲುಗಳು

ಕಥೆ ಕಾದಂಬರಿಗಳನ್ನು ಅವು ಹೇಳುವ ಮಾತಿನಿಂದ ಅಳೆಯಬೇಕೇ, ಬರೆದವರ ಜಾತಿ, ಮತ, ಲಿಂಗ, ಊರುಗಳಿಂದ ಅಳೆಯಬೇಕೇ, ಅಥವಾ ಇವೆಲ್ಲವನ್ನೂ ಬದಿಗಿಟ್ಟು ಕಥನದ ಕಟ್ಟೋಣವನ್ನಷ್ಟೇ ನೋಡಬೇಕೇ ಎಂಬ ಜಗಳ ಕನ್ನಡದಲ್ಲಿ ದಲಿತ-ಬಂಡಾಯದ ಕಾಲಕ್ಕೆ ಹುಟ್ಟಿಕೊಂಡಿತೆಂದು ಹೇಳುವ ರೂಢಿಯಿದೆ. ಈ ರೂಢಿಯ ಮಾತಿನಲ್ಲಿ ಒಂದು ದೂರೂ ಅಡಗಿರುತ್ತದೆ. ಅದುವರೆಗೆ ಶುದ್ಧವಾಗಿದ್ದ ಸಾಹಿತ್ಯವಿಚಾರಕ್ಕೆ ಹೊರಗಿನವರಾರೋ ಬಂದು ಜಾತಿಯನ್ನೂ ಸಿದ್ಧಾಂತವನ್ನೂ ಬೆರೆಸಿದರೆಂಬುದೇ ಆ ದೂರು. ಕನ್ನಡ ಕಥನ ನಡೆದುಬಂದ ಹಾದಿಯನ್ನು ನೋಡಿದರೆ ಈ ದೂರಿಗೆ ಆಧಾರ ಸಾಲದು. ಬರೆದವರು ಯಾರೆಂದು ಕೇಳುವ ಪ್ರಶ್ನೆ, ಮುಂದೆ ವಿವರಿಸುವಂತೆ, ಕೃತಿಯನ್ನೇ ನೋಡಬೇಕೆಂದು ಹಟ ಹಿಡಿದ ನವ್ಯ ವಿಮರ್ಶೆಯ ಒಳಗಿಂದಲೇ ಮೂಡಿಬಂದಿತು.

ಪ್ರಶ್ನೆಯ ಬೇರುಗಳಂತೂ ಇನ್ನೂ ಹಿಂದಿನವು. ಶಿರಸಿ ತಾಲ್ಲೂಕಿನಲ್ಲಿ ಬನವಾಸಿಯ ನೆರೆಯ ಊರಾದ ಗುಡ್ನಾಪುರದಲ್ಲಿ ದೊರೆತ, 1970ರ ದಶಕದ ಆರಂಭದಲ್ಲಿ ಬಿ. ಆರ್. ಗೋಪಾಲ್ ಅವರಿಂದ ವಿದ್ವತ್ ಲೋಕಕ್ಕೆ ಪರಿಚಿತವಾದ ಕದಂಬ ರವಿವರ್ಮನ ಸ್ತಂಭಶಾಸನ ಇದಕ್ಕೆ ಒಂದು ಉದಾಹರಣೆ. ಸಂಸ್ಕೃತದಲ್ಲಿರುವ ಈ ಶಾಸನ ಕಾಮದೇವನಿಗಾಗಿ ಅರಸ ಕಟ್ಟಿಸಿದ ಆಲಯವನ್ನೂ ಅದರ ಸುತ್ತಲಿನ ಅರಮನೆ, ನೃತ್ಯಶಾಲೆಗಳನ್ನೂ ವಸಂತೋತ್ಸವವನ್ನೂ ಬಣ್ಣಿಸುತ್ತದೆ. ಅಲ್ಲಿ ಬರುವ ‘ಕಾಮಜಿನಾಲಯ’ ಎಂಬ ಪದವನ್ನು ಹಿಡಿದು, ಅದು ಮನ್ಮಥನ ಗುಡಿಯೋ, ಜೈನ ಪರಂಪರೆಯಲ್ಲಿ ಕಾಮದೇವನೆನಿಸಿದ ಬಾಹುಬಲಿಯ ಬಸದಿಯೋ ಎಂದು ವಿದ್ವಾಂಸರು ವಾದಿಸಿದರು. ಬರಹ ಯಾವ ಮತಕ್ಕೆ ಸೇರಿದ್ದು ಎಂಬುದು ಇತ್ಯರ್ಥವಾಗದೆ ಅದರ ವಸಂತವರ್ಣನೆಯ ಚೆಲುವಿನ ಮಾತು ಮುಂದಕ್ಕೆ ಬರಲಾರದೆಂಬ ಓದಿನ ಅಭ್ಯಾಸ ಕಲ್ಲಿನ ಬರಹವನ್ನೂ ಬಿಟ್ಟಿಲ್ಲ. ಅದೇ ಬನವಾಸಿಯನ್ನು ಹಾಡಿ ಹೊಗಳಿದ ಪಂಪ ಈ ತೊಡಕನ್ನು ಮೊದಲೇ ಊಹಿಸಿದವನಂತೆ ಕಾಣುತ್ತಾನೆ. ವೈದಿಕ ಮನೆತನದಲ್ಲಿ ಹುಟ್ಟಿ ಜೈನಧರ್ಮವನ್ನು ಸ್ವೀಕರಿಸಿದ ತಂದೆಯ ಮಗನಾದ ಈ ಕವಿ ತನ್ನ ಎರಡು ಕಾವ್ಯಗಳ ಪೈಕಿ ಒಂದರಲ್ಲಿ ಲೌಕಿಕವನ್ನು, ಎಂದರೆ ಲೋಕವ್ಯವಹಾರವನ್ನು, ಇನ್ನೊಂದರಲ್ಲಿ ಜಿನಾಗಮವನ್ನು, ಎಂದರೆ ಜೈನಶಾಸ್ತ್ರದ ಸಾರವನ್ನು ಬೆಳಗಿರುವುದಾಗಿ ತಾನೇ ಹೇಳಿಕೊಂಡು, ಯಾವುದನ್ನು ಯಾವ ಕೋಲಿನಿಂದ ಅಳೆಯಬೇಕೆಂದು ಓದುಗರಿಗೆ ಸೂಚಿಸಿದ್ದಾನೆ.

ಮುದ್ರಣಯುಗದಲ್ಲಿ ಪ್ರಕಾಶಕನೆಂಬ ಹೊಸ ಮಧ್ಯವರ್ತಿ ಬಂದ ಕೂಡಲೇ ಲೇಖಕನ ಗುರುತಿಗೆ ಮಾರುಕಟ್ಟೆಯ ಬೆಲೆಯೂ ಬಂದಿತು. ಉಡುಪಿಯಲ್ಲಿ ಶಾಲಾಶಿಕ್ಷಕನಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ಕಾವ್ಯನಾಮದಲ್ಲಿ ಮುದ್ದಣ, ತನ್ನ ಕೃತಿಗಳನ್ನು ಮೈಸೂರಿನ ‘ಕಾವ್ಯಮಂಜರಿ’ಗೆ ಹಳೆಯ ಕವಿಗಳ ಕೃತಿಗಳೆಂಬ ಸೋಗಿನಲ್ಲಿ ಕಳುಹಿಸಿದ್ದು ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಪ್ರಾಚೀನ ಕಾವ್ಯಗಳ ಪ್ರಕಟಣೆಗೆಂದೇ ಮೀಸಲಾಗಿದ್ದ ಆ ಪತ್ರಿಕೆಯಲ್ಲಿ ಹೆಸರಿಲ್ಲದ ಹೊಸ ಮಾಸ್ತರನೊಬ್ಬನ ಬರಹಕ್ಕೆ ಎಡೆಯಿರಲಿಲ್ಲ. ಹಳಬನ ಹೆಸರಿಗೆ ಇತ್ತು. ಇಪ್ಪತ್ತೊಂದನೆಯ ಶತಮಾನದಲ್ಲಿ ಗುರುತನ್ನು ತೋರಿಸಿ ಮಾರುವುದನ್ನು ಕಂಡು ಹುಬ್ಬೇರಿಸುವವರು, ಗುರುತನ್ನು ಬಚ್ಚಿಟ್ಟರಷ್ಟೇ ಅಚ್ಚಾಗುತ್ತಿದ್ದ ಈ ಕಾಲವನ್ನೂ ನೆನೆಯಬೇಕಾಗುತ್ತದೆ. ಆಶಯವಾದರೋ ಆಗ ಮುಚ್ಚಿಡಬೇಕಾದ ವಸ್ತುವಾಗಿರಲಿಲ್ಲ. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ‘ಸದ್ಧರ್ಮ ವಿಜಯ’ ಎಂಬ ಮತ್ತೊಂದು ಹೆಸರೂ ಇದ್ದು, ವಿಧವಾವಿವಾಹದ ಪರವಾದ ಅದರ ನಿಲುವು ಮುಖಪುಟದಲ್ಲಿಯೇ ಸಾರಿಕೊಂಡಂತಿತ್ತು.

ನವೋದಯದ ಕಾಲಕ್ಕೆ, ಎಂದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದ ಹೊಸ ಸಾಹಿತ್ಯದಲ್ಲಿ, ಆಶಯದ ಮೇಲಿನ ಜಗಳ ಸೌಜನ್ಯದ ಭಾಷೆಯಲ್ಲಿ ನಡೆಯಿತು. ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಕಥೆಯನ್ನು ತಿರುಗಿಸಿ ಹೇಳಿದಾಗ ಮಾಸ್ತಿ ಎತ್ತಿದ ಆಕ್ಷೇಪ, ಹಳೆಯ ಕಥೆಯನ್ನು ಹೊಸ ಆಶಯಕ್ಕಾಗಿ ಬಾಗಿಸುವ ಹಕ್ಕು ಕವಿಗೆ ಎಷ್ಟಿದೆ ಎಂಬುದನ್ನು ಕುರಿತಾಗಿತ್ತು. ಇದೇ ಮಾಸ್ತಿಯವರು ಬಿದನೂರಿನ ಪತನಕಾಲವನ್ನು ಚಿತ್ರಿಸಿದ ‘ಚೆನ್ನಬಸವ ನಾಯಕ’ದಲ್ಲಿ ರಾಣಿ ವೀರಮ್ಮಾಜಿಯ ಪಾತ್ರಕ್ಕೆ ವೀರಶೈವ ಸಮುದಾಯದಿಂದ ವಿರೋಧವನ್ನು ಎದುರಿಸಬೇಕಾಯಿತು. ಆಕ್ಷೇಪಿಸಿದವನೇ ಆಕ್ಷೇಪಕ್ಕೆ ಗುರಿಯಾಗುವ ಈ ತಿರುವು ಕನ್ನಡದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. 1940ರ ದಶಕದಲ್ಲಿ ಅ. ನ. ಕೃಷ್ಣರಾಯರ ಮುಂದಾಳುತನದಲ್ಲಿ ಬೆಳೆದ ಪ್ರಗತಿಶೀಲ ಚಳವಳಿ, ಸಾಹಿತ್ಯ ಸಮಾಜದ ಬದಲಾವಣೆಯ ಸಾಧನವಾಗಬೇಕೆಂದು ನೇರವಾಗಿಯೇ ಘೋಷಿಸಿತು. ವೇಶ್ಯಾಜೀವನವನ್ನು ಕುರಿತ ಅ. ನ. ಕೃ. ಅವರ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಪರ-ವಿರೋಧಗಳೆರಡೂ ಆಶಯದ ಸುತ್ತಲೇ ತಿರುಗಿದವು. ಆ ಕಾದಂಬರಿಗಳ ಅವಸರದ ಗದ್ಯವನ್ನು ಯಾರೂ ಅಷ್ಟಾಗಿ ಕೆಣಕಲಿಲ್ಲ. ಕಯ್ಯೂರಿನ ರೈತ ಹೋರಾಟವನ್ನು ಕುರಿತ ನಿರಂಜನರ ‘ಚಿರಸ್ಮರಣೆ’ ಆ ಮಾರ್ಗದಲ್ಲಿ ಆಶಯವೂ ಕಥನವೂ ಸರಿಜೋಡಿಯಾದ ವಿರಳ ಕೃತಿಗಳಲ್ಲೊಂದು.

ನವ್ಯ ಬಂದದ್ದು ಇದಕ್ಕೆ ಎದುರಾಗಿ. ಆಶಯ ಎಂದರೆ ಕೃತಿ ಹೇಳಬಯಸುವುದು, ಆಕೃತಿ ಎಂದರೆ ಅದು ತಳೆದ ರೂಪ. ಇವೆರಡನ್ನು ಬೇರ್ಪಡಿಸಲಾಗದು, ಆಕೃತಿಯಲ್ಲಿ ಸಿದ್ಧಿಸದ ಆಶಯಕ್ಕೆ ಸಾಹಿತ್ಯದಲ್ಲಿ ಬೆಲೆಯಿಲ್ಲ ಎಂಬುದು ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯ ಸುತ್ತ ಬೆಳೆದ ವಿಮರ್ಶೆಯ ನಿಲುವು. ಉತ್ತರ ಕನ್ನಡದವರೇ ಆದ ಜಿ. ಎಚ್. ನಾಯಕರು ಈ ನಿಲುವನ್ನು ಕೊನೆಯವರೆಗೂ ಬಿಗಿಯಾಗಿ ಹಿಡಿದು ನಡೆದವರು; ಅವರ ಒಂದು ವಿಮರ್ಶಾ ಸಂಕಲನದ ಹೆಸರೇ ‘ನಿರಪೇಕ್ಷ’. ಆದರೆ ನವ್ಯರು ಆಕೃತಿಯ ಜೊತೆಗೆ ಇನ್ನೊಂದು ಅಳತೆಗೋಲನ್ನೂ ಇಟ್ಟುಕೊಂಡಿದ್ದರು. ಅದು ಅನುಭವದ ಪ್ರಾಮಾಣಿಕತೆ, ಎಂದರೆ ಲೇಖಕ ಎರವಲು ತಂದ ಭಾವನೆಯನ್ನಲ್ಲದೆ ತಾನು ಸ್ವತಃ ಹಾದುಬಂದುದನ್ನು ಬರೆಯಬೇಕೆಂಬ ಬೇಡಿಕೆ. ಈ ಎರಡನೆಯ ಕೋಲೇ ಮುಂದಿನ ಕಥೆಗೆ ಮೂಲ. ಕೃತಿಯ ಅನುಭವ ಪ್ರಾಮಾಣಿಕವೇ ಎಂದು ಕೇಳಿದ ಮೇಲೆ, ಆ ಅನುಭವ ಯಾರದು, ಅದನ್ನು ಪಡೆಯುವ ಅವಕಾಶ ಯಾರಿಗಿತ್ತು ಎಂಬ ಪ್ರಶ್ನೆಯನ್ನು ತಡೆಯಲು ಬರುವುದಿಲ್ಲ. ಬರೆಯುವವರೂ ಅಳೆಯುವವರೂ ಹೆಚ್ಚುಕಡಿಮೆ ಒಂದೇ ವರ್ಗದ, ಹೆಚ್ಚಾಗಿ ಮೇಲುಜಾತಿಯ ವಿದ್ಯಾವಂತರಾಗಿದ್ದಷ್ಟು ದಿನ ಆ ಪ್ರಶ್ನೆ ಏಳಲಿಲ್ಲ, ಅಷ್ಟೆ.

ಧಾರವಾಡದ ಮನೋಹರ ಗ್ರಂಥಮಾಲೆ 1965ರಲ್ಲಿ ಪ್ರಕಟಿಸಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಸ್ವಾಗತದಲ್ಲಿಯೇ ಇದರ ಸುಳಿವಿತ್ತು. ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರೊಬ್ಬರು ಮಾಧ್ವ ಅಗ್ರಹಾರದ ಕೊಳೆತವನ್ನು ತೋರಿಸಿದ್ದು ಕೆಲವರಿಗೆ ಸ್ವಜನದ್ರೋಹವಾಗಿ ಕಂಡಿತು, ಇನ್ನು ಕೆಲವರಿಗೆ ಅದೇ ಪ್ರಾಮಾಣಿಕತೆಯ ಸಾಕ್ಷಿಯಾಯಿತು. ಅದರ ಚಲನಚಿತ್ರ ಮೊದಲು ಸೆನ್ಸಾರಿನ ತಡೆಗೆ ಒಳಗಾಗಿ, ಬಳಿಕ 1970ರ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರಗೆ ಹೋದಾಗ ವಿ. ಎಸ್. ನೈಪಾಲ್ ಅದನ್ನು ಇಡೀ ಹಿಂದೂ ನಾಗರಿಕತೆಯ ಮೇಲಿನ ಸಾಕ್ಷ್ಯವೆಂಬಂತೆ ಓದಿದರು. ಕಾದಂಬರಿ ದೂರ ಹೋದಷ್ಟೂ ಅದರ ನಾಯಕ ಪ್ರಾಣೇಶಾಚಾರ್ಯ ವ್ಯಕ್ತಿಯಾಗಿ ಉಳಿಯದೆ ಸಮುದಾಯದ ಮಾದರಿಯಾಗುತ್ತ ಹೋದನು. ಅನುವಾದಗೊಂಡ ಕನ್ನಡ ಕೃತಿಗಳಿಗೆ ಇದು ಅಂದಿನಿಂದ ಅಂಟಿಕೊಂಡ ತೆರಿಗೆ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ, ಎಂದರೆ ದನದ ತೌಡು, ಎಂಬರ್ಥದ ಮಾತನಾಡಿ ಎಬ್ಬಿಸಿದ ಗಲಭೆ, ಅವರ ರಾಜೀನಾಮೆ ಮತ್ತು ದಲಿತ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಗಳು, ಸಾಹಿತ್ಯದ ಅಳತೆ ಬರಿಯ ಸಾಹಿತ್ಯದ್ದಲ್ಲವೆಂಬುದನ್ನು ಬೀದಿಗೆ ತಂದವು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ, ಸಾಹಿತ್ಯದಲ್ಲಿ ಅಂಥ ಭೇದವಿಲ್ಲವೆಂಬ ಕಾರಣಕ್ಕೆ ತಿರಸ್ಕೃತವಾದುದರಿಂದ, ಬೆಂಗಳೂರಿನಲ್ಲಿ ಅದೇ ವರ್ಷದ ಮಾರ್ಚಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಭೇದವಿಲ್ಲವೆಂದು ಹೇಳಬಲ್ಲವರು ಭೇದದ ಬಿಸಿ ತಟ್ಟದವರು ಎಂಬ ಬಂಡಾಯದ ಉತ್ತರ, ನವ್ಯರ ಅನುಭವವಾದವನ್ನೇ ಅವರತ್ತ ತಿರುಗಿಸಿ ಹಿಡಿದ ಕನ್ನಡಿಯಾಗಿತ್ತು. ಆದರೆ ಬದ್ಧತೆ, ಎಂದರೆ ಶೋಷಿತರ ಪರವಾದ ನಿಲುವು, ವಿಮರ್ಶೆಯ ಮುಖ್ಯ ಪದವಾದ ಮೇಲೆ ಬಂದ ನೂರಾರು ಕಥೆಗಳಲ್ಲಿ ಗೌಡನ ಕ್ರೌರ್ಯವೂ ಕೊನೆಯ ಪುಟದ ಪಂಜಿನ ಮೆರವಣಿಗೆಯೂ ಅಚ್ಚೊತ್ತಿದಂತೆ ಮರುಕಳಿಸಿದ್ದನ್ನು ಮರೆಮಾಚಬೇಕಾಗಿಲ್ಲ.

ಈ ಅಚ್ಚಿಗೆ ಒಗ್ಗದ ದೊಡ್ಡ ಕೃತಿ ದಲಿತ ಚಳವಳಿಯ ಒಳಗಿನಿಂದಲೇ ಬಂದಿತು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಪ್ರಕಟವಾದಾಗ ಅದರ ಭಾಷೆ ಅರ್ಥವಾಗದು ಎಂಬ ದೂರು ಎಲ್ಲ ಕಡೆಯಿಂದ ಕೇಳಿಬಂದಿತು. ನಂಜನಗೂಡು ಸೀಮೆಯ ಆಡುನುಡಿಯಲ್ಲಿ, ದೀಪಗಳೆಂಬ ಜೋತಮ್ಮಂದಿರು ಮಾತನಾಡುವ, ಮಂಚವೂ ಕಥೆ ಹೇಳುವ ಆ ಬರಹದಿಂದ ಎತ್ತಿ ತೋರಿಸಬಹುದಾದ ಸಂದೇಶ ಸುಲಭಕ್ಕೆ ಸಿಗುವುದಿಲ್ಲ. ದಲಿತ ಲೇಖಕನಿಂದ ಆಕ್ರೋಶವನ್ನು ನಿರೀಕ್ಷಿಸಿ ಬಂದ ಓದುಗನಿಗೆ ಅಲ್ಲಿ ಸಿಕ್ಕಿದ್ದು ಜಾನಪದದ ಲಯ, ನಗೆ ಮತ್ತು ಮಾಯೆ. ಗುರುತಿನಿಂದ ಓದುವವರು ಲೇಖಕನಿಗೆ ಜಾಗ ಕೊಟ್ಟಂತೆ ತೋರಿದರೂ ಅವನು ಏನು ಬರೆಯಬೇಕೆಂಬುದನ್ನೂ ಜೊತೆಗೇ ಗೊತ್ತುಮಾಡಿಬಿಡುತ್ತಾರೆ ಎಂಬುದಕ್ಕೆ ಈ ಕಾದಂಬರಿಯ ಮೊದಲ ವರ್ಷಗಳ ಓದು ಸಾಕ್ಷಿ. 1990ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಪ್ರಸಂಗ ಇನ್ನೂ ತೀಕ್ಷ್ಣವಾದುದು. ತಲಾಖಿನ ಬಲೆಗೆ ಸಿಕ್ಕ ನಾದಿರಾಳನ್ನು ಕುರಿತ ‘ಚಂದ್ರಗಿರಿಯ ತೀರದಲ್ಲಿ’ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು ಹೆಸರಾಯಿತು, 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಸ್ವಸಮುದಾಯದ ಕೆಲವರಿಂದ ಅವರು ಪ್ರತಿರೋಧವನ್ನು ಎದುರಿಸಿದರು. ಒಂದು ಕಡೆಯವರು ಮನೆಯ ಮಾತನ್ನು ಬೀದಿಗೆ ತಂದವರೆಂದರು, ಇನ್ನೊಂದು ಕಡೆಯವರು ಕಾದಂಬರಿಯನ್ನು ಆ ಸಮುದಾಯದ ವಿರುದ್ಧದ ದಾಖಲೆಯನ್ನಾಗಿ ಬಳಸಿಕೊಂಡರು. ತಂದೆಯ ಹಟಕ್ಕೂ ಗಂಡನ ಮೇಲಿನ ಪ್ರೀತಿಗೂ ನಡುವೆ ನಲುಗುವ ನಾದಿರಾ ಎಂಬ ಹೆಣ್ಣು ಇಬ್ಬರ ಓದಿನಿಂದಲೂ ಜಾರಿಹೋದಳು. ಸಾರಾ ಅವರು ಮುಂದೆ ಚಂದ್ರಗಿರಿ ಪ್ರಕಾಶನವನ್ನು ತಾವೇ ಸ್ಥಾಪಿಸಿದ್ದರ ಹಿನ್ನೆಲೆಯಲ್ಲಿ ಈ ಇಕ್ಕಟ್ಟನ್ನೂ ಇಟ್ಟು ನೋಡಬಹುದು.

ಮತ್ತೊಂದು ದಡದಲ್ಲಿ ಎಸ್. ಎಲ್. ಭೈರಪ್ಪನವರ ‘ಆವರಣ’ ಇದೆ. 2007ರಲ್ಲಿ ಬಿಡುಗಡೆಗೆ ಮುನ್ನವೇ ಮೊದಲ ಮುದ್ರಣ ಖರ್ಚಾದ ಈ ಕಾದಂಬರಿಯಲ್ಲಿ ನಾಯಕಿ ತಾನು ಬರೆಯುವ ಐತಿಹಾಸಿಕ ಕಾದಂಬರಿಗೆ ಆಧಾರವಾದ ಗ್ರಂಥಗಳ ಪಟ್ಟಿಯೇ ಕಥೆಯ ಭಾಗವಾಗಿ ಬರುತ್ತದೆ. ಅನಂತಮೂರ್ತಿಯವರು ಭೈರಪ್ಪನವರನ್ನು ಕಾದಂಬರಿಕಾರರಿಗಿಂತ ಹೆಚ್ಚಾಗಿ ವಾದಪಟುವೆಂದು ಟೀಕಿಸಿದರೆ, ಮೆಚ್ಚಿದವರು ಅದು ಚರಿತ್ರೆಯ ಮುಚ್ಚಿಟ್ಟ ಸತ್ಯವನ್ನು ಹೊರಗೆಡವಿತೆಂದು ಕೊಂಡಾಡಿದರು. ಸಾಹಿತ್ಯ ಯಾವ ಸಿದ್ಧಾಂತದ ಊಳಿಗಕ್ಕೂ ನಿಲ್ಲಬಾರದೆಂದು ವಾದಿಸುತ್ತ ಬಂದ ಲೇಖಕನ ಕೃತಿಯೇ ಅತಿ ಹೆಚ್ಚಾಗಿ ಸಂದೇಶಕ್ಕಾಗಿ ಕೊಳ್ಳಲ್ಪಟ್ಟದ್ದು ವಿಚಿತ್ರ. ಅದೇ ಲೇಖಕರ 1973ರ ‘ದಾಟು’ವಿನಲ್ಲಿ ಜಾತಿಯ ಗೋಡೆಗಳು ಪಾತ್ರಗಳ ನಡೆಯಲ್ಲಿಯೇ ಎದ್ದು ಕುಸಿಯುವುದನ್ನು ಕಂಡವರಿಗೆ, ‘ಆವರಣ’ದಲ್ಲಿ ಪಾತ್ರಗಳು ವಾದದ ಬೆನ್ನು ಹತ್ತಿ ಓಡುತ್ತಿರುವುದು ಕಾಣದಿರದು.

ಪ್ರಕಾಶಕರ ಮಾತನ್ನು ಚಿಕ್ಕದಾಗಿ ಹೇಳಬಹುದು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯಲ್ಲಿ ಚಂದಾದಾರರು ಲೇಖಕನನ್ನಲ್ಲ, ಮಾಲೆಯ ಅಭಿರುಚಿಯನ್ನು ನಂಬಿ ಮುಂಗಡ ಹಣ ಕೊಡುತ್ತಿದ್ದರು. ಗುಡ್ನಾಪುರದ ದಕ್ಷಿಣಕ್ಕೆ, ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣ ಕಟ್ಟಿದ ಅಕ್ಷರ ಪ್ರಕಾಶನಕ್ಕೂ ಅಂಥದೇ ವಿಶ್ವಾಸವಿತ್ತು. ಎಡಪಂಥದ ನವಕರ್ನಾಟಕ ಮತ್ತು ಬಲಪಂಥದ ರಾಷ್ಟ್ರೋತ್ಥಾನಗಳ ವಿಷಯದಲ್ಲಿ ಲಾಂಛನವೇ ಆಶಯವನ್ನು ಹೇಳಿಬಿಡುತ್ತದೆ, ಪುಸ್ತಕ ತೆರೆಯುವ ಮೊದಲೇ. ಗ್ರಂಥಾಲಯಗಳ ಸಗಟು ಖರೀದಿಯನ್ನು ನೆಚ್ಚಿದ ಪ್ರಕಟಣೆಗೆ ಆ ವಿಶ್ವಾಸವೂ ಈ ಆಶಯವೂ ಬೇಕಿಲ್ಲ. ಸಾಗರ, ಬನವಾಸಿಗಳ ಈ ಸೀಮೆಯಲ್ಲಿ ಲೇಖಕರಿಗೆ ಜಾತಿಮತಗಳಿಗಿಂತ ಬೇರೆ ಬಗೆಯ ಗುರುತೂ ಅಂಟುತ್ತದೆ: ಶರಾವತಿ ಯೋಜನೆಯ ನೆರಳಿನಲ್ಲಿ ಬದುಕಿ ‘ದ್ವೀಪ’ ಬರೆದ ಸಾಗರದ ನಾ. ಡಿಸೋಜ ಅವರನ್ನು ಓದುಗರು ಕ್ರೈಸ್ತ ಲೇಖಕರೆನ್ನುವುದಕ್ಕಿಂತ ಮುಳುಗಡೆಯ ಲೇಖಕರೆಂದೇ ಕರೆದರು. ಬನವಾಸಿಯ ಕದಂಬೋತ್ಸವದಲ್ಲಿ ನೀಡುವ ಪಂಪ ಪ್ರಶಸ್ತಿ 1987ರಲ್ಲಿ ‘ಶ್ರೀರಾಮಾಯಣ ದರ್ಶನಂ’ಗೆ ಸಂದು ಆರಂಭವಾದಾಗ ಅದು ಒಂದು ಕೃತಿಗೆ ಕೊಡುವ ಮನ್ನಣೆಯಾಗಿತ್ತು, ದೇವರ ಅಸ್ತಿತ್ವವನ್ನೇ ಪ್ರಶ್ನಿಸುವ ಎ. ಎನ್. ಮೂರ್ತಿರಾಯರ ‘ದೇವರು’ ಕೂಡ ಅದನ್ನು ಪಡೆಯಿತು. ತೊಂಬತ್ತರ ದಶಕದ ಉತ್ತರಾರ್ಧದಿಂದ ಪ್ರಶಸ್ತಿ ಲೇಖಕರ ಸಮಗ್ರ ಸಾಧನೆಗೆ ಎಂದಾಯಿತು. ಕೃತಿಯಿಂದ ಕರ್ತೃವಿನ ಕಡೆಗೆ ಕಣ್ಣು ಹೊರಳಿದ ಕಾಲದ ಗುರುತು ಈ ನಿಯಮದ ತಿದ್ದುಪಡಿಯಲ್ಲಿಯೂ ಉಳಿದಿದೆ.

ಗುರುತನ್ನು ಮರೆಮಾಡಿ ನಂತರ ತೆರೆದಿಟ್ಟ ಉದಾಹರಣೆಯೂ ಇದೆ. ವಸುಧೇಂದ್ರರು ಸಲಿಂಗಕಾಮಿಯೊಬ್ಬನ ಬದುಕನ್ನು ಕುರಿತ ‘ಮೋಹನಸ್ವಾಮಿ’ ಕಥೆಯನ್ನು ಮೊದಲು ಗುಪ್ತನಾಮದಲ್ಲಿ ಪ್ರಕಟಿಸಿ, 2013ರ ಸಂಕಲನಕ್ಕೆ ತಮ್ಮ ಹೆಸರನ್ನು ಹಾಕಿದರು. ಆ ಬಳಿಕ ಕಥೆಗಳನ್ನು ಆತ್ಮಕಥೆಯಾಗಿ ಓದುವವರು ಹೆಚ್ಚಿದರು, ಅಲ್ಲಿನ ಕಸುಬನ್ನು ಗಮನಿಸುವವರು ಕಡಿಮೆಯಾದರು. ಆದರೆ ತಮ್ಮ ಬದುಕನ್ನು ಕನ್ನಡದ ಅಚ್ಚಿನಲ್ಲಿ ಮೊದಲ ಬಾರಿಗೆ ಕಂಡ ಓದುಗರಿಗೆ ಆ ಹೆಸರೇ ಧೈರ್ಯವಾಯಿತೆಂಬುದನ್ನೂ ತಳ್ಳಿಹಾಕಲಾಗದು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಕನ್ನಡಕ್ಕೂ ಸಣ್ಣಕಥೆಯ ಸಂಕಲನವೊಂದಕ್ಕೂ ಆ ಗೌರವ ಸಂದದ್ದು ಅದೇ ಮೊದಲು. ಕೆಲವೇ ತಿಂಗಳಲ್ಲಿ ಅವರು ಮೈಸೂರು ದಸರೆಯನ್ನು ಉದ್ಘಾಟಿಸಬಹುದೇ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಅಲ್ಲಿ ಅರ್ಜಿ ವಜಾ ಆಯಿತು. ಆ ವಾದಗಳಲ್ಲಿ ಅವರ ಮತದ ಮಾತು ಬಂದಷ್ಟು ಅವರ ಕಥೆಗಳ ಮಾತು ಬರಲಿಲ್ಲ, ಪರವಾಗಿ ನಿಂತವರ ಬಾಯಲ್ಲಿಯೂ. ಆ ಸಂಕಲನದ ಕೊನೆಯ ಕಥೆ ‘ಒಮ್ಮೆ ಹೆಣ್ಣಾಗು ಪ್ರಭುವೇ’. ವಚನಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಅಲ್ಲಿನ ‘ಪ್ರಭು’ ಯಾವ ಮತದವನೆಂಬುದು, ಗುಡ್ನಾಪುರದ ಕಂಬದ ಮೇಲಿನ ಕಾಮನಂತೆಯೇ, ತಟ್ಟನೆ ತಿಳಿಯುವುದಿಲ್ಲ.