ಬೀದರಿನ ಕುದುರೆಯೂ ಅರಬ್ಬೀ ಕಡಲಿನ ಪಂಚಾಂಗವೂ

ನಾನು ಮಾತಾಡುತ್ತಿರುವುದು ವಿಕಾರಾಬಾದಿಗೂ ತಾಂಡೂರಿಗೂ ನಡುವೆ ಇರುವ ಧಾರೂರಿನಿಂದ. ಕಡಲೇ ಇಲ್ಲದ ಊರಿನವನಿಗೆ ಕಡಲ ಪ್ರವಾಹದ ಉಸಾಬರಿ ಯಾಕೆ ಎಂದು ಕಳೆದ ಸಲ ಕೇಳಿದ್ದಿರಿ. ಉತ್ತರ ನಮ್ಮ ಪಕ್ಕದ ಬೀದರಿನಲ್ಲಿದೆ.

15ನೇ ಶತಮಾನದಲ್ಲಿ ಬೀದರ್ ಬಹಮನಿಗಳ ರಾಜಧಾನಿ. ಅವರ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ಅರಬಸ್ತಾನ, ಪರ್ಷಿಯಾಗಳಿಂದ ಹಡಗೇರಿ ಬರಬೇಕಿತ್ತು. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಅಂಥದೊಂದು ಕುದುರೆ ತಂದ. ಈಸ್ಟರ್ ಕಳೆದ ಮೇಲೆ ಹೊರ್ಮುಜ್‌ನಲ್ಲಿ ಹಡಗು ಹತ್ತಿ ಆರು ವಾರದಲ್ಲಿ ಚೌಲ್ ಬಂದರು ಮುಟ್ಟಿದ. ಮುಂಗಾರು ಇನ್ನೇನು ಬೀಳುವ ಹೊತ್ತು. ಮುಂದೆ ಜುನ್ನಾರಿನಲ್ಲಿ ಮಳೆ ಅವನನ್ನು ಹಿಡಿದು ಕೂರಿಸಿತು. ನಾಲ್ಕು ತಿಂಗಳು ಹಗಲೂ ರಾತ್ರಿ ನೀರು, ಕೆಸರು ಎನ್ನುತ್ತಾನೆ. ಕುದುರೆ ಬಿಕರಿಯಾದದ್ದು ಬೀದರಿನಲ್ಲಿ, ಚಳಿಗಾಲಕ್ಕೆ. ವರ್ಷವಿಡೀ ಮೇವು ಹಾಕಿದ ಖರ್ಚನ್ನೂ ಪಾಪ, ಬರೆದಿಟ್ಟಿದ್ದಾನೆ. ಬೀದರಿನ ಸಂತೆಯ ಲೆಕ್ಕ ಕಡಲಿನ ಗಾಳಿಗೆ ಕಟ್ಟುಬಿದ್ದಿತ್ತು ಅನ್ನೋದು ನನ್ನ ವಾದ.

ಆದರೆ ಮೊದಲ ಕರಡಿನಲ್ಲಿ ಒಂದು ತಪ್ಪು ಮಾಡಿದ್ದೆ. ಗಾಳಿ ಬೀಸಿದ ಕಡೆಗೇ ನೀರು ಹರಿಯುತ್ತದೆ, ಹಡಗು ಎರಡನ್ನೂ ಹಿಡಿದು ಹೋಗುತ್ತದೆ ಎಂದು ಬರೆದಿದ್ದೆ. ಸೊಮಾಲಿಯಾ ಕರಾವಳಿಯಲ್ಲಿ ಇದು ಹೆಚ್ಚುಕಡಿಮೆ ನಿಜ: ಅಲ್ಲಿನ ಪ್ರವಾಹ ಬೇಸಿಗೆಯಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ನಿಕಿತಿನ್ ವಾಪಸು ಹೊರಟಾಗ ದಾಬೋಲಿನಿಂದ ಹೊರ್ಮುಜ್‌ಗೆಂದು ಹಡಗು ಹತ್ತಿದವನು, ತಿಂಗಳ ಮೇಲೆ ಕಂಡದ್ದು ಇಥಿಯೋಪಿಯದ ಬೆಟ್ಟ! ಈಶಾನ್ಯದ ಗಾಳಿ ಅವನ ಹಡಗನ್ನು ಆಫ್ರಿಕಾದ ಕಡೆ ದಬ್ಬಿತು ಎಂದೇ ನಾನು ಓದುತ್ತೇನೆ.

ನಮ್ಮ ಪಶ್ಚಿಮ ಕರಾವಳಿಯ ಕಥೆ ಬೇರೆ. ಮುಂಗಾರಿನಲ್ಲಿ ದಡದ ಪ್ರವಾಹ ದಕ್ಷಿಣಕ್ಕೆ ಹೋಗುತ್ತದೆ, ಸರಿ. ಚಳಿಗಾಲದಲ್ಲಿ ಅದು ಗಾಳಿಗೆ ಎದುರಾಗಿ ಉತ್ತರಕ್ಕೆ ಹರಿಯುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸತೀಶ್ ಶೆಟ್ಯೆ ಮತ್ತು ಸಂಗಡಿಗರು ಇದನ್ನು 1991ರಲ್ಲಿ ಪ್ರಕಟಿಸಿದರು. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ, ಹಗುರ ನೀರು ಶ್ರೀಲಂಕಾ ಸುತ್ತಿ ಈ ಕಡೆ ಬರುತ್ತದೆ. ಕೊಲ್ಲಿಯಲ್ಲಿ ಎದ್ದ ಅಲೆಯೂ ದಡವನ್ನು ಬಲಕ್ಕಿಟ್ಟುಕೊಂಡು ಭಾರತದ ತುದಿ ಸುತ್ತಿ ಬರುತ್ತದೆ. ದಕ್ಷಿಣದಲ್ಲಿ ಕಡಲಮಟ್ಟ ತುಸು ಏರಿ, ನೀರು ಉತ್ತರದ ತಗ್ಗಿಗೆ ಇಳಿಯುತ್ತದೆ. ಆ ಹಗುರ ನೀರಿನಲ್ಲಿ ಗಂಗೆ, ಬ್ರಹ್ಮಪುತ್ರೆಯರದ್ದೇ ಸಿಂಹಪಾಲು. ಭೀಮಾ, ಕೃಷ್ಣೆಯ ದಾರಿಯಲ್ಲಿ ಹೋದ ನಮ್ಮ ಕಾಗಿಣಾದ್ದೂ ಒಂದು ಹನಿ ಇದ್ದೀತು.

ಹಾಗಂತ ಪ್ರವಾಹಕ್ಕೆ ಅತಿಯಾದ ಬೆಲೆ ಕೊಡಬಾರದು. ಅದರ ವೇಗ ಕಡಿಮೆ. ಹಾಯಿ ಹಡಗನ್ನು ಒಯ್ಯುವುದು ಗಾಳಿಯೇ. ಅಬ್ದುರ್ ರಜಾಕ್ ವಿಜಯನಗರ ನೋಡಿಕೊಂಡು 1444ರ ಜನವರಿಯಲ್ಲಿ ಹೊನ್ನಾವರದಿಂದ ಹೊರ್ಮುಜ್‌ಗೆ ಹೊರಟ. ಅವನ ಹಡಗು ದಡಕ್ಕೆ ಅಂಟಿಕೊಂಡಿದ್ದಷ್ಟು ದೂರ ನೀರೂ ಅವನ ಕಡೆಗಿತ್ತು, ದಡ ಬಿಟ್ಟ ಮೇಲೆ ಬರೀ ಗಾಳಿ. ಕುದುರೆ ಹಡಗುಗಳ ದಾಖಲೆಗಳನ್ನು ಓದುವಾಗ ದಡ ಹಿಡಿದ ದಾರಿ, ನಡುಗಡಲ ದಾರಿ ಎಂದು ಮೊದಲು ಬೇರೆ ಮಾಡಿಕೊಳ್ಳಬೇಕು. ನನ್ನ ಎರಡನೇ ಕರಡನ್ನು ಅಲ್ಲಿಂದಲೇ ಶುರು ಮಾಡಿದ್ದೇನೆ.