ಬೀಳಗಿಯ ಸಹೋದರಿಯರು

ಬಾಗಲಕೋಟೆಯ ಸೀಮೆಯಲ್ಲಿ ನಾಟಕವೆಂಬುದು ನಗರವಾಸಿಗಳ ವಿಲಾಸವಾಗಿರದೆ, ಒಕ್ಕಲಿಗರ ಹಾಗೂ ನೇಕಾರರ ವಾರ್ಷಿಕ ಜೀವನಕ್ರಮದ ಒಂದು ಅಂಗವಾಗಿಯೇ ಬೆಳೆದುಬಂದಿತು. ಬನದ ಹುಣ್ಣಿಮೆಯಂದು ಬಾದಾಮಿಯ ಸಮೀಪದ ಬನಶಂಕರಿಯ ತೇರು ಸಾಗಿತೆಂದರೆ, ಬೇವೂರು, ಹುನಗುಂದ, ಇಳಕಲ್ಲ, ಗುಳೇದಗುಡ್ಡಗಳ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬಂದ ಮಂದಿ ಹಗಲು ದೇವಿಯ ದರ್ಶನವನ್ನೂ ಜಾತ್ರೆಯ ವ್ಯಾಪಾರವನ್ನೂ ಮುಗಿಸಿ, ಇರುಳಾದ ಮೇಲೆ ಕಂಪನಿಗಳ ತಗಡಿನ ಥಿಯೇಟರುಗಳಲ್ಲಿ ಕುಳಿತು ಬೆಳಗು ಮಾಡುವುದು ರೂಢಿಯಾಯಿತು. ಈ ನಾಡಿನ ಗಾಯಕ ನಟನಟಿಯರು ಕಲಿತದ್ದು ಇಂಥ ಪ್ರೇಕ್ಷಕರ ಎದುರಿನಲ್ಲಿ.

ಈ ವೃತ್ತಿರಂಗಭೂಮಿಯ ಮೂಲವನ್ನು ಅರಸಹೊರಟರೆ ಕನ್ನಡ ಮರಾಠಿಗಳೆರಡರ ಇತಿಹಾಸವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದುದಕ್ಕೆ ಕರ್ಕಿಯ ಯಕ್ಷಗಾನ ಮೇಳದ ಪ್ರದರ್ಶನವೇ ಪ್ರೇರಣೆಯಾಗಿತ್ತು. 1880ರಲ್ಲಿ ‘ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕವನ್ನು ಪ್ರತಿಷ್ಠಾಪಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹೀಗೆ ಬೆಳೆದ ಮರಾಠಿ ರಂಗಭೂಮಿಯು ಮುಂಬಯಿ ಕರ್ನಾಟಕವನ್ನು ಆವರಿಸಿಕೊಂಡಾಗ, ಗದುಗಿನಲ್ಲಿ ಶಾಂತಕವಿಗಳು ಕನ್ನಡ ಮಂಡಳಿಯೊಂದನ್ನು ಕಟ್ಟಿ ಪ್ರತಿಕ್ರಿಯೆ ತೋರಿದರು. ಅವರ ತರುವಾಯ ಶಿರಹಟ್ಟಿಯ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ತಮ್ಮ ತಮ್ಮ ಮಂಡಳಿಗಳೊಡನೆ ಊರೂರು ಸಂಚರಿಸಿದರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಾಲುಪೆಟ್ಟಿಗೆಯ ಶ್ರುತಿಯನ್ನು ಮೀರಿ ಕಟ್ಟಕಡೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟುವಂತೆ ಹಾಡಬಲ್ಲವರಿಗೆ, ‘ಒನ್ಸ್‌ಮೋರ್’ ಎಂಬ ಕೂಗು ಎದ್ದಷ್ಟು ಸಲವೂ ಭಾವ ಕೆಡದಂತೆ ಪುನಃ ಹಾಡಬಲ್ಲವರಿಗೆ ಮಾತ್ರ ಅಲ್ಲಿ ಮಾನ್ಯತೆಯಿತ್ತು.

ಆದರೆ ಆ ರಂಗದ ಮೇಲೆ ಸ್ತ್ರೀಗೆ ಬಹುಕಾಲ ಸ್ಥಾನವಿರಲಿಲ್ಲ. ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಅವರಲ್ಲಿ ಅಗ್ರಗಣ್ಯರೆನಿಸಿದ ಬಾಲಗಂಧರ್ವರ ನಡೆನುಡಿ, ಉಡಿಗೆತೊಡಿಗೆಗಳನ್ನು ಕುಲೀನ ಸ್ತ್ರೀಯರೇ ಅನುಕರಿಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಗೃಹಸ್ಥರ ಹೆಣ್ಣುಮಕ್ಕಳು ರಂಗವೇರುವುದು ಅಪಕೀರ್ತಿಕರವೆಂದು ಭಾವಿಸಲಾಗಿದ್ದ ಆ ದಿನಗಳಲ್ಲಿ ಈ ನಿರ್ಬಂಧವನ್ನು ಮುರಿದವರು, ಸಂಗೀತವನ್ನೇ ಕಸುಬಾಗಿ ನಂಬಿದ್ದ ಮನೆತನಗಳ ಹೆಣ್ಣುಮಕ್ಕಳು. ಕೃಷ್ಣಾ ಘಟಪ್ರಭೆಗಳ ನಡುವಣ ಬೀಳಗಿಯಲ್ಲಿ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಅಂಥದೇ ಒಂದು ಮುಸಲ್ಮಾನ ಮನೆತನದಲ್ಲಿ ಜನಿಸಿದವರು ಗೋಹರಬಾಯಿ ಮತ್ತು ಅಮೀರಬಾಯಿ.

ಮನೆಯಲ್ಲಿಯೇ ದೊರೆತ ಗಾನಶಿಕ್ಷಣವೂ ನಾಟಕ ಕಂಪನಿಗಳ ಸಹವಾಸವೂ ಈ ಸಹೋದರಿಯರ ಬಾಲ್ಯವನ್ನು ರೂಪಿಸಿದವು. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಆ ವಾತಾವರಣದಲ್ಲಿ ಬೆಳೆದವರಿಗೆ ಮುಂಬಯಿ ತೀರ ಪರಕೀಯವೆನಿಸಿರಲಾರದು. ಮೊದಲು ಚಿತ್ರರಂಗವನ್ನು ಹೊಕ್ಕ ಗೋಹರಬಾಯಿಯವರ ನೆರವಿನಿಂದ ಅಮೀರಬಾಯಿಯವರಿಗೆ 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡದ್ದೂ ಅದೇ ವರ್ಷ. ಅದೂ ಸಹ ಕನ್ನಡ ನೆಲದಲ್ಲಿ ಸ್ಟುಡಿಯೋ ಇಲ್ಲದೆ ಕೊಲ್ಹಾಪುರದಲ್ಲಿ ನಿರ್ಮಾಣಗೊಂಡಿತ್ತು. ನಮ್ಮ ನಟನಟಿಯರು ನಾಡು ಬಿಟ್ಟು ಹೋದರೆಂದು ಆಕ್ಷೇಪಿಸುವವರು ಈ ಸಂಗತಿಯನ್ನು ಮರೆಯಲಾಗದು. 1940ರ ‘ನರಸೀ ಭಗತ್’ ಚಿತ್ರದಲ್ಲಿ ಅಮೀರಬಾಯಿಯವರು ವಿಷ್ಣುಪಂತ ಪಾಗನೀಸರೊಡನೆ ಕಾಣಿಸಿಕೊಂಡರು. ಆ ಪಾಗನೀಸರಾದರೋ ಒಂದು ಕಾಲಕ್ಕೆ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾಗಿದ್ದವರು.

ಅಷ್ಟರಲ್ಲಿ ಚಲನಚಿತ್ರಕಲೆಯ ಸ್ವರೂಪವೇ ಬದಲಾಗತೊಡಗಿತ್ತು. ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯು 1935ರಲ್ಲಿ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದುದರಿಂದ, ರಂಗಭೂಮಿಯಲ್ಲಿ ಅವಿಭಾಜ್ಯವಾಗಿದ್ದ ಗಾಯನ ಅಭಿನಯಗಳು ಬೇರೆ ಬೇರೆಯಾಗಲು ಅವಕಾಶವಾಯಿತು. ನಟಿಯಾಗಿ ಬಂದಿದ್ದ ಅಮೀರಬಾಯಿಯವರು ಅನ್ಯ ನಟಿಯರ ಕಂಠವಾದರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತ ನಿರ್ದೇಶನದಲ್ಲಿ, ನಾಯಿಕೆ ಮುಮ್ತಾಜ್ ಶಾಂತಿಯ ಪಾತ್ರಕ್ಕೆ ಅವರು ಹಾಡಿದ ಗೀತೆಗಳೂ, ಪ್ರದೀಪರು ರಚಿಸಿದ ದೇಶಭಕ್ತಿಗೀತವೂ ಭರತಖಂಡದಾದ್ಯಂತ ಮನೆಮಾತಾದವು. ಆ ಚಿತ್ರ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಮರುವರ್ಷ ನೌಶಾದರ ‘ರತನ್’ ಚಿತ್ರದಲ್ಲಿಯೂ ಅವರು ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಗಂಡಸರ ಸ್ವತ್ತೆಂದೇ ತಿಳಿಯಲಾಗಿದ್ದ ಈ ಕಾರ್ಯಕ್ಕೆ ಬೀಳಗಿಯ ಮಗಳೊಬ್ಬಳು ಕೈಹಾಕಿದುದು ಸಾಮಾನ್ಯ ಸಾಹಸವೇನಲ್ಲ.

ಗೋಹರಬಾಯಿಯವರ ಹಾದಿ ಇದಕ್ಕೆ ವಿಪರೀತವಾದುದು. ಚಿತ್ರರಂಗವು ರಂಗಭೂಮಿಯನ್ನು ನುಂಗುತ್ತಿದ್ದ ಹೊತ್ತಿನಲ್ಲಿ ಅವರು ಚಿತ್ರದಿಂದ ನಾಟಕಕ್ಕೆ ಮರಳಿ, 1938ರಲ್ಲಿ ಬಾಲಗಂಧರ್ವರ ಮಂಡಳಿಯನ್ನು ಸೇರಿ, ಯಾವ ಸ್ತ್ರೀಪಾತ್ರಗಳಲ್ಲಿ ಆ ಮಹಾನಟರು ಮೆರೆದಿದ್ದರೋ ಅವೇ ಪಾತ್ರಗಳನ್ನು ಅವರ ಕಣ್ಣೆದುರಿಗೇ ನಿರ್ವಹಿಸಿದರು. 1951ರಲ್ಲಿ ಇಬ್ಬರೂ ವಿವಾಹವಾದರು. ಪುರುಷನು ಕಲ್ಪಿಸಿದ ಸ್ತ್ರೀತ್ವದ ಆದರ್ಶವನ್ನು ಸ್ತ್ರೀಯೇ ಕಲಿತು, ಅದನ್ನು ರಂಗದಲ್ಲಿ ತನ್ನದಾಗಿಸಿಕೊಂಡ ಈ ಪ್ರಸಂಗವು ಭಾರತೀಯ ರಂಗಭೂಮಿಯ ಇತಿಹಾಸದಲ್ಲಿಯೇ ಗಮನಾರ್ಹವಾದುದು. ಮರಾಠಿ ರಸಿಕರಲ್ಲಿ ಹಲವರು ಅವರನ್ನು ಸಂಶಯದಿಂದ ಕಂಡರೆಂಬುದೂ ಸತ್ಯ.

ಗೋಹರಬಾಯಿಯವರು 1964ರಲ್ಲಿ, ಅಮೀರಬಾಯಿಯವರು ಮರುವರ್ಷ ಮಾರ್ಚ್ 3ರಂದು ನಿಧನ ಹೊಂದಿದರು. ವಿಜಯಪುರದ ಅಮೀರ್ ಟಾಕೀಸು ತಂಗಿಯ ಹೆಸರನ್ನು ಉಳಿಸಿತು. ರಹಮತ್ ತರೀಕೆರೆಯವರು ಆಕೆಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದು ಉಪಕಾರ ಮಾಡಿದ್ದಾರೆ. ಅವರಿಬ್ಬರ ಸಾಧನೆಯನ್ನು ಮುಂಬಯಿಯ ಕೊಡುಗೆಯೆಂದು ಎಣಿಸುವುದು ಅರ್ಧಸತ್ಯ ಮಾತ್ರ. ಮುಂಬಯಿ ಅವರಿಗೆ ಕೀರ್ತಿಯನ್ನು ಕೊಟ್ಟಿತು; ವಿದ್ಯೆಯನ್ನು ಕೊಟ್ಟದ್ದು ಈ ಸೀಮೆಯ ಕಲಾವಂತ ಮನೆತನಗಳು ಮತ್ತು ಕಂಪನಿ ನಾಟಕಗಳು. ಆ ಕಂಪನಿಗಳಲ್ಲಿ ದುಡಿದ, ಚಿತ್ರರಂಗದ ಬೆಳಕನ್ನು ಕಾಣದ ಗಾಯಕಿಯರನ್ನು ನೆನಪಿಟ್ಟಿರುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಕೆಲವರಾದರೂ ಇದ್ದಾರೆ. ಅವರು ಇರುವಾಗಲೇ ಅವರಿಂದ ಕೇಳಿ ಬರೆದಿಡುವುದು ಈ ಜಿಲ್ಲೆಯ ವಿದ್ಯಾವಂತರ ಕರ್ತವ್ಯವಾಗಿದೆ.